ಹಳೆಯ ದೊಡ್ಡ ಕಾರು: ಕೊಳ್ಳುವ ಮೊದಲು ನೋಡತಕ್ಕ ಅಂಶಗಳು

ನಮ್ಮ ವಾಚನಾಲಯಕ್ಕೆ ಬಂದು ಹೋಗುವ ಬಾಂಧವರಲ್ಲಿ ಹಲವರು ಈಚೆಗೆ ಒಂದೇ ಬಗೆಯ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಊರಿನಿಂದ ಭಾವಮೈದನೋ ಚಿಕ್ಕಪ್ಪನ ಮಗನೋ ಫೋನು ಮಾಡಿ, "ದೆಹಲಿಯಲ್ಲಿ ಬೆಂಜ್, ಬಿ.ಎಂ.ಡಬ್ಲ್ಯು., ಔಡಿ ಕಾರುಗಳು ಮಾರುತಿಯ ಬೆಲೆಗೇ ಸಿಗುತ್ತವಂತಲ್ಲ, ಒಂದು ನೋಡಿ ಕಳಿಸಿಕೊಡಿ" ಎನ್ನುತ್ತಾರೆ. ಲೋಧಿ ಕಾಲೋನಿಗೆ ನೆರೆಯಾದ ಜೋರ್ ಬಾಗ್, ಗಾಲ್ಫ್ ಲಿಂಕ್ಸ್ ಬಂಗಲೆಗಳಲ್ಲಿ ಡ್ರೈವರ್ ಕೆಲಸ ಮಾಡುವ ನಮ್ಮವರಿಗೆ ಯಜಮಾನರೇ "ಈ ಹಳೆಯ ಗಾಡಿಯನ್ನು ನೀನೇ ಇಟ್ಟುಕೋ, ಬೆಲೆ ನಿಧಾನವಾಗಿ ಕೊಡು" ಎನ್ನುವುದೂ ಉಂಟು. ಇನ್ನು ಕೆಲವು ತರುಣರು ನಾಲ್ಕು ಜನ ಸೇರಿ ಒಂದು ದೊಡ್ಡ ಕಾರನ್ನು ಕೊಂಡು ಊರಿನಲ್ಲಿ ಮದುವೆ ದಿಬ್ಬಣಗಳಿಗೆ ಬಾಡಿಗೆ ಬಿಡಬಹುದೆಂದು ಲೆಕ್ಕ ಹಾಕುತ್ತಿದ್ದಾರೆ. ಇವರೆಲ್ಲರ ಉಪಯೋಗಕ್ಕಾಗಿ ನಮಗೆ ತಿಳಿದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಅಗ್ಗವಾಗಲು ಕಾರಣವೇನು?

ದೆಹಲಿಯಲ್ಲಿ ಹಳೆಯ ದೊಡ್ಡ ಕಾರುಗಳು ಅಗ್ಗವೆಂಬ ಮಾತು ಸುಳ್ಳಲ್ಲ. ಕರೋಲ್ ಬಾಗಿನ ಹಳೆಯ ಕಾರುಗಳ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಯಾರಿಗೂ ಇದು ಗೊತ್ತಾಗುತ್ತದೆ. ಆದರೆ ಈ ಅಗ್ಗಕ್ಕೆ ಒಂದು ಕಾರಣವಿದೆ, ಅದನ್ನು ತಿಳಿಯದೆ ಚೀಲ ಬಿಚ್ಚಬಾರದು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರ ನವೆಂಬರಿನಲ್ಲಿ 15 ವರ್ಷ ಮೀರಿದ ವಾಹನಗಳು ದೆಹಲಿಯಲ್ಲಿ ಓಡಕೂಡದೆಂದೂ, 2015ರ ಏಪ್ರಿಲಿನಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಕೂಡದೆಂದೂ ಆಜ್ಞೆ ಮಾಡಿತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಇಂಥ ವಾಹನಗಳಿಗೆ ಬಂಕಿನಲ್ಲಿ ಎಣ್ಣೆಯನ್ನೇ ಕೊಡಬಾರದೆಂಬ ಅಪ್ಪಣೆ ಜಾರಿಗೆ ಬಂದು, ಕೆಲವೇ ದಿನಗಳಲ್ಲಿ ತಡೆಯಾಯಿತು. ಅದೇ ವರ್ಷ ಆಗಸ್ಟ್ 12ರಂದು ಸುಪ್ರೀಂ ಕೋರ್ಟು, ವಯಸ್ಸಿನ ಕಾರಣ ಒಂದನ್ನೇ ಹಿಡಿದು ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರ್ 17ರಂದು ಆ ರಕ್ಷಣೆಯನ್ನು ಬಿ.ಎಸ್. 4 ಮತ್ತು ಅದಕ್ಕೂ ಹೊಸ ದರ್ಜೆಯ ವಾಹನಗಳಿಗೆ ಮಾತ್ರ ಸೀಮಿತಗೊಳಿಸಿತು. ದೆಹಲಿಯಲ್ಲಿ ಬಿ.ಎಸ್. 4 ದರ್ಜೆ ಬಂದದ್ದು 2010ರ ಏಪ್ರಿಲಿನಲ್ಲಿ. ಅದಕ್ಕೆ ಹಿಂದಿನ ಕಾರಾದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಈ ನಗರದಲ್ಲಿ ಅದರ ಗತಿ ಬೀದಿಯಲ್ಲಿ ನಿಲ್ಲುವುದೇ ಸರಿ.

ಹೀಗೆ ಹತ್ತು ವರ್ಷಗಳಲ್ಲಿ ಆಜ್ಞೆ ಹಲವು ಸಲ ಹೊರಳಿದೆ. ಮುಂದೆಯೂ ಹೊರಳಬಹುದು. ಶ್ರೀಮಂತರು ಇಂಥ ಸಂಶಯದ ವಸ್ತುವನ್ನು ಮನೆಯಲ್ಲಿಟ್ಟುಕೊಳ್ಳಲಾರದೆ ಬಂದ ಬೆಲೆಗೆ ಕೊಡುತ್ತಾರೆ. ಕೊಳ್ಳುವವನು ಕಾರಿನ ಜೊತೆಗೆ ಆ ಸಂಶಯವನ್ನೂ ಕೊಳ್ಳುತ್ತಾನೆಂಬುದನ್ನು ಮರೆಯಬಾರದು.

ಕಾರಿನ ಬೆಲೆ ಇಳಿದರೂ ಬಿಡಿಭಾಗದ ಬೆಲೆ ಇಳಿಯದು

ಎರಡನೆಯ ಕಾರಣ ಕಾರಿನಲ್ಲೇ ಇದೆ. ಗಿರಣಿಯ ದಫ್ತರದಲ್ಲಿ ಕುಳಿತು ಯಂತ್ರಗಳ ಲೆಕ್ಕ ಬರೆಯುವ ನಮಗೆ ಇದು ದಿನದ ಅನುಭವ. ಪುಸ್ತಕದಲ್ಲಿ ಯಂತ್ರದ ಬೆಲೆ ವರ್ಷವರ್ಷವೂ ಸವಕಳಿ ಕಳೆದು ಇಳಿಯುತ್ತ ಹೋಗುತ್ತದೆ. ಆದರೆ ಅದಕ್ಕೊಂದು ಬೇರಿಂಗು ಬೇಕಾದ ದಿನ ಅಂಗಡಿಯವನು ಸವಕಳಿ ಕಳೆದು ಮಾರುವುದಿಲ್ಲ. 50 ಲಕ್ಷದ ಕಾರು 6 ಲಕ್ಷಕ್ಕೆ ಇಳಿದಿದ್ದರೂ ಅದರ ಗೇರ್‌ಬಾಕ್ಸು, ಅದರ ದೀಪ, ಅದರ ಕಂಪ್ರೆಸರು 50 ಲಕ್ಷದ ಕಾರಿನವೇ. ಈ ಲೇಖನದಲ್ಲಿ ನೆನಪಿಡತಕ್ಕ ಮಾತು ಒಂದೇ ಆದರೆ ಅದು ಇದೇ. ದುರಸ್ತಿಯ ಭಾರ ಹೊರಬಲ್ಲವನಿಗೆ ಮಾತ್ರ ಹಳೆಯ ದೊಡ್ಡ ಕಾರು ಅಗ್ಗ.

ಊರಿನ ದನದ ಸಂತೆಯಲ್ಲಿ ಎತ್ತು ಕೊಳ್ಳುವ ರೈತರು ಹೇಗೆ ಮಾಡುತ್ತಾರೆ? ಹಲ್ಲು ನೋಡಿ ವಯಸ್ಸು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಕಾರಿಗೂ ಈ ಮೂರು ಪರೀಕ್ಷೆಗಳು ಸಾಕು.

ಹಲ್ಲು ನೋಡುವುದು: ಕಾಗದಪತ್ರ

ಮೊದಲು ಆರ್‌ಸಿ ಪುಸ್ತಕ ಅಥವಾ ಕಾರ್ಡು. ಅದರಲ್ಲಿರುವ ಚಾಸಿ ನಂಬರು ಮತ್ತು ಎಂಜಿನ್ ನಂಬರನ್ನು ಕಾರಿನ ಮೇಲೆ ಅಚ್ಚಾಗಿರುವ ನಂಬರಿನೊಡನೆ ಒಂದೊಂದು ಅಂಕಿಯಾಗಿ ಹೋಲಿಸಿರಿ. ಉಜ್ಜಿದ ಗುರುತಿದ್ದರೆ ಅಲ್ಲಿಂದಲೇ ಹಿಂದಿರುಗಿರಿ. ನೋಂದಣಿಯಾದ ವರ್ಷವನ್ನಲ್ಲದೆ ತಯಾರಾದ ತಿಂಗಳು, ವರ್ಷಗಳನ್ನೂ ನೋಡಿರಿ. ಸರ್ಕಾರದ ಪರಿವಾಹನ್ ದಾಖಲೆಯಲ್ಲಿ ಕಾರಿನ ನಂಬರು ಕೊಟ್ಟರೆ ಇಂಧನದ ಬಗೆ, ದರ್ಜೆ, ವಿಮೆ, ಸಾಲದ ಗುರುತು ತಿಳಿಯುತ್ತವೆ. ಕಟ್ಟದೆ ಉಳಿದ ಚಲನ್‌ಗಳನ್ನೂ ನೋಡಬಹುದು. ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಉಳಿದಿದ್ದರೆ, ಬ್ಯಾಂಕಿನ ಪತ್ರವೂ ನಮೂನೆ 35ರ ಸಹಿಯೂ ಬರುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿರಿ.

ಆ ಮೇಲೆ ಸರ್ವೀಸಿನ ದಾಖಲೆ. ಕಂಪನಿಯ ವರ್ಕ್‌ಷಾಪಿನಲ್ಲಿ ಪ್ರತಿ ಸಲ ಕಾರು ಬಂದ ದಿನ ಮತ್ತು ಓಡಿದ ಕಿಲೋಮೀಟರು ಬರೆದಿರುತ್ತಾರೆ. ಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವ ಕೈಚಳಕ ಈ ಪೇಟೆಯಲ್ಲಿ ಹಳೆಯದು. 45 ಸಾವಿರ ತೋರಿಸುವ ಕಾರಿನ ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿದ್ದರೆ, ಸ್ಟಿಯರಿಂಗಿನ ಚರ್ಮ ಹೊಳೆಯುತ್ತಿದ್ದರೆ, ಡ್ರೈವರ್ ಸೀಟಿನ ಅಂಚು ಕುಸಿದಿದ್ದರೆ, ಆ ಅಂಕಿಯನ್ನು ನಂಬಬೇಕಾಗಿಲ್ಲ. ಈ ಬಗೆಯ ಎಷ್ಟೋ ಕಾರುಗಳಲ್ಲಿ ಓಡಿದ ದೂರ ಮೀಟರಿನಲ್ಲಷ್ಟೇ ಅಲ್ಲದೆ ಬೇರೆ ಒಂದೆರಡು ಕಡೆಯೂ ದಾಖಲಾಗುತ್ತದೆ. ಒಳ್ಳೆಯ ಸ್ಕ್ಯಾನರ್ ಇರುವ ಮಿಸ್ತ್ರಿ ಅದನ್ನು ಓದಬಲ್ಲ.

ಸುಳಿ ನೋಡುವುದು: ಪೆಟ್ಟು ಮತ್ತು ನೀರು

ಕಾರನ್ನು ಹಗಲು ಬೆಳಕಿನಲ್ಲಿ, ಒಣಗಿರುವಾಗ ನೋಡತಕ್ಕದ್ದು. ರಾತ್ರಿಯಲ್ಲಿ, ಮಳೆಯಲ್ಲಿ, ಆಗತಾನೆ ತೊಳೆದಿರುವಾಗ ಬಣ್ಣದ ದೋಷ ಕಾಣದು. ಪಕ್ಕದಿಂದ ಬಾಗಿ ನೋಡಿದಾಗ ಒಂದು ಬಾಗಿಲಿನ ಬಣ್ಣ ಬೇರೆಯಾಗಿದ್ದರೆ, ಬಾನೆಟ್ಟಿನ ಬೋಲ್ಟುಗಳ ತಲೆಯಲ್ಲಿ ಪಾನಾ ತಿರುಗಿಸಿದ ಗಾಯವಿದ್ದರೆ, ಎರಡು ಬಾಗಿಲುಗಳ ನಡುವಿನ ಸಂದು ಮೇಲೆ ಅಗಲ ಕೆಳಗೆ ಕಿರಿದಾಗಿದ್ದರೆ, ಕಾರು ಪೆಟ್ಟು ತಿಂದಿದೆ. ಸಣ್ಣ ಪೆಟ್ಟು ದೊಡ್ಡ ವಿಷಯವಲ್ಲ. ಚಾಸಿಗೆ ಬಿದ್ದ ಪೆಟ್ಟು ವಾಸಿಯಾಗುವುದಿಲ್ಲ. ಗಾಜುಗಳ ಮೂಲೆಯಲ್ಲಿ ವರ್ಷದ ಗುರುತಿರುತ್ತದೆ. ಎಲ್ಲವೂ ಒಂದು ವರ್ಷದ್ದಾಗಿ ಒಂದು ಮಾತ್ರ ಬೇರೆಯಾಗಿದ್ದರೆ ಏಕೆಂದು ಕೇಳಿರಿ. ಟೈರಿನ ಮೇಲೂ ನಾಲ್ಕು ಅಂಕಿಗಳಿವೆ. 3519 ಎಂದಿದ್ದರೆ 2019ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದು. ಮೇಲೆ ಗೀರು ಚೆನ್ನಾಗಿ ಉಳಿದಿದ್ದರೂ ಆರೇಳು ವರ್ಷ ದಾಟಿದ ಟೈರು ಬದಲಾಯಿಸತಕ್ಕದ್ದೇ. ದೊಡ್ಡ ಕಾರಿನ ನಾಲ್ಕು ಟೈರುಗಳೆಂದರೆ ಗುಮಾಸ್ತನ ತಿಂಗಳ ಸಂಬಳ ಸಾಲದು.

ಪೆಟ್ಟಿಗಿಂತಲೂ ಕೆಟ್ಟದ್ದು ನೀರು. 2005ರ ಜುಲೈ 26ರಂದು ಮುಂಬಯಿಯಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿಯಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿರಿವಂತ ಬಡಾವಣೆಗಳಲ್ಲೇ ಕಾರುಗಳು ಮುಳುಗಿದವು. 2023ರ ಜುಲೈಯಲ್ಲಿ ದೆಹಲಿಯ ಯಮುನೆ 208.66 ಮೀಟರಿಗೆ ಏರಿತು. ಇಂಥ ನೆರೆಯ ನಂತರ ಮುಳುಗಿದ ಕಾರುಗಳು ತೊಳೆದು ಒಣಗಿಸಿಕೊಂಡು ಬೇರೆ ಊರಿನ ಪೇಟೆಗೆ ಬರುತ್ತವೆ. ಈ ಕಾರುಗಳಲ್ಲಿ ಸೀಟಿನ ಅಡಿಯಲ್ಲಿ, ಕಾಲಿಡುವ ಜಾಗದ ಕೆಳಗೆ ಹತ್ತಾರು ವಿದ್ಯುತ್ ಪೆಟ್ಟಿಗೆಗಳೂ ತಂತಿಗಳೂ ಇರುವುದರಿಂದ ನೀರು ಹೊಕ್ಕ ಕಾರು ತಿಂಗಳುಗಳ ನಂತರ ಒಂದೊಂದಾಗಿ ಕೈಕೊಡುತ್ತದೆ. ಪರೀಕ್ಷೆ ಸುಲಭ. ಸೀಟ್ ಬೆಲ್ಟನ್ನು ಪೂರ್ತಿ ಹೊರಕ್ಕೆಳೆಯಿರಿ, ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿರಿ. ಹಿಂದಿನ ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅಡಿಯಲ್ಲಿ ತುಕ್ಕು ನೋಡಿರಿ. ನೆಲದ ಹಾಸನ್ನು ಎತ್ತಿ ಮೂಸಿರಿ. ವಾಸನೆ ಮುಚ್ಚಲು ಅತ್ತರು ಚಿಮುಕಿಸಿದ್ದರೆ ಅದೂ ಒಂದು ಸುಳಿವೇ.

ನಡೆಸಿ ನೋಡುವುದು: ಎಂಜಿನ್ನಿನಿಂದ ದೀಪದವರೆಗೆ

ನೀವು ಹೋಗುವ ಮೊದಲೇ ಎಂಜಿನ್ ಚಾಲೂ ಮಾಡಿ ಬಿಸಿ ಮಾಡಿಡಬಾರದೆಂದು ಮೊದಲೇ ಹೇಳಿರಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿದ್ದರೆ ಮಾತ್ರ ಮುಂದುವರಿಯಿರಿ. ತಣ್ಣಗಿನ ಎಂಜಿನ್ನು ಸುಳ್ಳು ಹೇಳುವುದಿಲ್ಲ. ಚಾಲೂ ಆದಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಜಿಡ್ಡು ಕಂಡರೆ ಅದೇ ಶಂಕೆ. ಬಿ.ಎಂ.ಡಬ್ಲ್ಯು. ಕಂಪನಿಯು 2007ರಿಂದ ತಯಾರಿಸಿದ ಎನ್ 47 ಎಂಬ ಡೀಸೆಲ್ ಎಂಜಿನ್ನಿನ ಮೊದಲ ವರ್ಷಗಳ ಕಾರುಗಳಲ್ಲಿ ಟೈಮಿಂಗ್ ಚೈನು ಸವೆದು ಕಡಿಯುವ ದೋಷ ಹೆಸರಾದದ್ದು. ಆ ಚೈನು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಕಡೆಗಿದೆ. ಅದನ್ನು ಮುಟ್ಟಲು ದೊಡ್ಡ ಬಿಚ್ಚಾಟವೇ ಬೇಕು. ಹಿಂಬದಿಯಿಂದ ಸರಪಳಿ ಉಜ್ಜಿದಂಥ ಕರಕರ ಸದ್ದು ಕೇಳಿದರೆ ಅದನ್ನು ಕೊಳ್ಳಬಾರದು.

ದೆಹಲಿಯ ಬೇಸಗೆ ಈ ಕಾರುಗಳ ಶತ್ರು. ರೇಡಿಯೇಟರಿನ ತೊಟ್ಟಿ, ನೀರಿನ ಪೈಪಿನ ಕೊಂಡಿ ಮುಂತಾದ ಪ್ಲಾಸ್ಟಿಕ್ ಭಾಗಗಳು ಶಾಖದಿಂದ ಗಟ್ಟಿಯಾಗಿ ಬಿರಿಯುತ್ತವೆ. ಅರ್ಧ ಗಂಟೆ ಎ.ಸಿ. ಹಾಕಿಕೊಂಡು ಸಂಚಾರದ ನಡುವೆ ನಿಲ್ಲಿಸಿ ಓಡಿಸಿ, ಶಾಖದ ಮುಳ್ಳು ಏರುತ್ತದೆಯೇ ನೋಡಿರಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆಸಿರುತ್ತದೆ. ಹಳೆಯ ಕಾರುಗಳು ಅದಕ್ಕೆಂದು ಮಾಡಿದವಲ್ಲವಾದ್ದರಿಂದ ಪೆಟ್ರೋಲ್ ಕಾರಿನ ರಬ್ಬರ್ ಪೈಪುಗಳನ್ನೂ ಸೀಲುಗಳನ್ನೂ ಬಿರುಕಿಗಾಗಿ ನೋಡಿಸಿರಿ. ಡೀಸೆಲ್ ಕಾರಿನಲ್ಲಿ ಸೈಲೆನ್ಸರಿನ ದಾರಿಯಲ್ಲಿರುವ ಮಸಿ ಸೋಸುವ ಜಾಲರಿ, ಯಜಮಾನರನ್ನು ಮನೆಯಿಂದ ಖಾನ್ ಮಾರ್ಕೆಟ್ಟಿಗೆ ಕರೆದೊಯ್ದು ತರುವಂಥ ಗಿಡ್ಡ ಓಟದಿಂದ ಕಟ್ಟಿಕೊಳ್ಳುತ್ತದೆ. ಕೆಲವರು ಅದನ್ನು ತೆಗೆಸಿಯೇ ಬಿಡುತ್ತಾರೆ. ಹಾಗೆ ಮಾಡಿದ ಕಾರನ್ನು ಕೊಂಡರೆ ಹೊಗೆ ಪರೀಕ್ಷೆಯ ತೊಂದರೆ ನಿಮ್ಮ ಪಾಲಿಗೆ.

ಗೇರ್‌ಬಾಕ್ಸು ಎರಡನೆಯ ಗಂಡಾಂತರ. ಈ ಕಾರುಗಳಲ್ಲಿ ಬಹುತೇಕ ಎಲ್ಲವೂ ತಾವಾಗಿ ಗೇರು ಬದಲಾಯಿಸಿಕೊಳ್ಳುವಂಥವು. ನಿಂತಲ್ಲಿಂದ ಹೊರಡುವಾಗ ಜಗ್ಗುವುದು, ಒಂದರಿಂದ ಎರಡಕ್ಕೆ ಹೋಗುವಾಗ ಒದೆಯುವುದು, ಹಿಂದಕ್ಕೆ ಹಾಕಿದಾಗ ತಡವಾಗಿ ಹಿಡಿಯುವುದು ಕೆಟ್ಟ ಲಕ್ಷಣಗಳು. ವೋಕ್ಸ್‌ವ್ಯಾಗನ್ ಬಳಗದ ಏಳು ಗೇರಿನ ಒಂದು ಬಗೆಯ ಪೆಟ್ಟಿಗೆಯ ದೋಷಕ್ಕಾಗಿಯೇ 2013ರಲ್ಲಿ ಚೀನದಲ್ಲಿ 3 ಲಕ್ಷ 80 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. "ಗೇರ್ ಆಯಿಲ್ ಜೀವಮಾನದ್ದು, ಬದಲಾಯಿಸಬೇಕಾಗಿಲ್ಲ" ಎಂದು ಮಾರುವವನು ಹೇಳಿದರೆ ನಂಬಬೇಡಿರಿ. ಲಕ್ಷ ಕಿಲೋಮೀಟರು ದಾಟಿದ ಪೆಟ್ಟಿಗೆಯಲ್ಲಿ ಆಯಿಲ್ ಬದಲಾದ ಬಿಲ್ಲು ಕೇಳಿರಿ.

ಮೂರನೆಯದು ಗಾಳಿಯ ಸಸ್ಪೆನ್ಷನ್. ದೊಡ್ಡ ಬೆಂಜ್, ಔಡಿ, ರೇಂಜ್ ರೋವರ್ ಮುಂತಾದ ಕಾರುಗಳಲ್ಲಿ ಕಬ್ಬಿಣದ ಸ್ಪ್ರಿಂಗಿಗೆ ಬದಲು ರಬ್ಬರಿನ ಗಾಳಿಚೀಲಗಳಿರುವುದುಂಟು. ಕುಳಿತವರಿಗೆ ಅದು ಸುಖ, ಹಣ ಕೊಡುವವರಿಗೆ ಅಲ್ಲ. ರಬ್ಬರು ಬಿರಿದು ಗಾಳಿ ಸೋರತೊಡಗಿದರೆ ಪಂಪು ಬಿಡುವಿಲ್ಲದೆ ಓಡಿ ಅದೂ ಸುಟ್ಟುಹೋಗುತ್ತದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ನೋಡಿರಿ. ಒಂದು ಮೂಲೆ ತಗ್ಗಿ ಕುಳಿತಿದ್ದರೆ ವಿಷಯ ಸ್ಪಷ್ಟ.

ಬ್ರೇಕಿನ ಮಾತು ಇನ್ನೂ ಮುಖ್ಯ. 2002ರಿಂದ 2006ರವರೆಗಿನ ಬೆಂಜ್ ಇ ಕ್ಲಾಸ್ ಕಾರುಗಳಲ್ಲಿ ಪೆಡಲಿನ ಒತ್ತಡವನ್ನು ವಿದ್ಯುತ್ ಸಂಜ್ಞೆಯಾಗಿಸಿ ಪಂಪಿನಿಂದ ಬ್ರೇಕು ಹಿಡಿಸುವ ವ್ಯವಸ್ಥೆಯಿತ್ತು. ಆ ದೋಷಕ್ಕಾಗಿ ಕಂಪನಿಯು ಜಗತ್ತಿನಾದ್ಯಂತ 2004ರಲ್ಲಿ 6 ಲಕ್ಷ 80 ಸಾವಿರ ಕಾರುಗಳನ್ನೂ, ಭಾಗಶಃ ಅದೇ ಕಾರಣಕ್ಕಾಗಿ 2005ರಲ್ಲಿ 13 ಲಕ್ಷ ಕಾರುಗಳನ್ನೂ ಹಿಂದಕ್ಕೆ ಕರೆಯಿತು. ಆ ಪಂಪು ಎಷ್ಟು ಸಲ ಬ್ರೇಕು ಹಿಡಿಯಿತೆಂದು ತಾನೇ ಎಣಿಸಿಟ್ಟುಕೊಂಡು, ಮಿತಿ ಮುಟ್ಟಿದಾಗ ಬದಲಾಯಿಸೆಂದು ದೀಪ ಉರಿಸುತ್ತದೆ. ಆ ದೀಪವನ್ನು ಮರೆಮಾಡಿ ಮಾರುವವರಿದ್ದಾರೆ. ಪ್ರಾಣಾಪಾಯದ ವಿಷಯವಾದ್ದರಿಂದ ಆ ವರ್ಷಗಳ ಕಾರನ್ನು ಬಲ್ಲವರಿಗೆ ತೋರಿಸದೆ ಮುಟ್ಟಬೇಡಿರಿ.

ಗಾಳಿಚೀಲಗಳದು ಇನ್ನೊಂದು ಕಥೆ. ಜಪಾನಿನ ತಕಾತಾ ಕಂಪನಿಯ ಏರ್‌ಬ್ಯಾಗುಗಳ ಸ್ಫೋಟಕ ಮದ್ದು ಸೆಕೆಯಿಂದಲೂ ತೇವದಿಂದಲೂ ಕೆಟ್ಟು, ಅಪಘಾತದ ವೇಳೆ ಲೋಹದ ಚೂರುಗಳನ್ನು ಸಿಡಿಸಿದ ಸಂಗತಿ ಲೋಕಪ್ರಸಿದ್ಧ. ದುಬಾರಿ ಕಾರುಗಳಲ್ಲೂ ಅವು ಇದ್ದವು. ಮಂಗಳೂರು, ಉಡುಪಿಯ ಕಡೆಗೆ ಕಾರು ಕಳಿಸುವವರು, ಅಲ್ಲಿ ಸೆಕೆಯೂ ತೇವವೂ ಹೆಚ್ಚಾದ್ದರಿಂದ, ಚಾಸಿ ನಂಬರನ್ನು ಕಂಪನಿಯ ವರ್ಕ್‌ಷಾಪಿಗೆ ಕೊಟ್ಟು ಬಾಕಿ ಇರುವ ವಾಪಸಾತಿ ದುರಸ್ತಿ ಇದೆಯೇ ಎಂದು ಕೇಳಲೇಬೇಕು. ಇಂಥ ದುರಸ್ತಿಗೆ ಕಂಪನಿ ಹಣ ಕೇಳುವುದಿಲ್ಲ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಉರಿದು ಕೆಲವು ಸೆಕೆಂಡುಗಳಲ್ಲಿ ಆರಬೇಕು. ಉರಿದೇ ಇರುವುದು ದೋಷ. ಉರಿಯದೇ ಇರುವುದು ಮೋಸ.

ಕೊನೆಗೆ ಸ್ಕ್ಯಾನರ್. ದೋಷಗಳ ದಾಖಲೆ ಖಾಲಿಯಾಗಿದ್ದರೆ ಸಂತೋಷಪಡುವ ಮುನ್ನ ಇನ್ನೊಂದು ಮಾತು ಕೇಳಿರಿ. ಆ ದಾಖಲೆಯನ್ನು ನಿನ್ನೆಯಷ್ಟೇ ಅಳಿಸಿದ್ದರೆ ಕಾರಿನ ಒಳಗಿನ ಸ್ವಯಂಪರೀಕ್ಷೆಗಳು "ಇನ್ನೂ ಮುಗಿದಿಲ್ಲ" ಎಂದು ಸ್ಕ್ಯಾನರ್ ತೋರಿಸುತ್ತದೆ. ಮಿಸ್ತ್ರಿಯನ್ನು ನೀವೇ ಕರೆದೊಯ್ಯಿರಿ, ಅವನ ಕೂಲಿಯನ್ನು ನೀವೇ ಕೊಡಿರಿ. ಮಾರುವವನು ಕೂಲಿ ಕೊಡುವ ಮಿಸ್ತ್ರಿ ಅವನ ಮಾತನ್ನೇ ಆಡುತ್ತಾನೆ.

ಊರಿಗೆ ಕಳಿಸುವುದಾದರೆ

ಕಾರು ನಿರ್ದೋಷಿಯೆಂದೇ ಇಟ್ಟುಕೊಳ್ಳೋಣ. ಅದನ್ನು ಕರ್ನಾಟಕಕ್ಕೆ ಒಯ್ಯಲು ಇಲ್ಲಿನ ನೋಂದಣಿ ಕಚೇರಿಯಿಂದ ನಮೂನೆ 28ರ ಮೂಲಕ ಎನ್‌ಓಸಿ ಪಡೆಯಬೇಕು. ಊರಿನ ಯಾವ ಆರ್‌ಟಿಓ ಕಚೇರಿಗೆ ಎಂಬುದು ಅದರಲ್ಲಿ ಸರಿಯಾಗಿರಬೇಕು. ಆ ಕಚೇರಿಯಲ್ಲಿ ಇಷ್ಟು ವಯಸ್ಸಿನ ಕಾರನ್ನು ನೋಂದಾಯಿಸಿಕೊಳ್ಳುತ್ತಾರೆಯೇ ಎಂದು ಊರಿನವರೇ ಹೋಗಿ ಮೊದಲು ಕೇಳಿ ಬರಲಿ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡ ಕಾರಿಗೆ ಅಲ್ಲಿಯ ಹೊಸ ನಂಬರು ಪಡೆಯಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ವೆಚ್ಚ ತೆರಿಗೆ. ಕರ್ನಾಟಕದ ಆಜೀವ ತೆರಿಗೆ ದುಬಾರಿ ಕಾರುಗಳಿಗೆ ಶೇಕಡಾ 18ರವರೆಗಿದ್ದು ಅದರ ಮೇಲೆ ಸೆಸ್ ಬೇರೆ. ನೀವು ಕೊಟ್ಟ ಅಗ್ಗದ ಬೆಲೆಯ ಮೇಲೆ ಇದನ್ನು ಹಾಕುವುದಿಲ್ಲ, ಕಾರಿನ ಮೂಲ ಬೆಲೆಯನ್ನು ಹಿಡಿದು ವಯಸ್ಸಿಗೆ ತಕ್ಕ ರಿಯಾಯಿತಿ ಕೊಡುತ್ತಾರೆ. ಒಂದು ಲೆಕ್ಕಕ್ಕೆ, ಮೂಲ ಬೆಲೆ 40 ಲಕ್ಷವಾದರೆ ಹೊಸ ಕಾರಿಗೆ 7 ಲಕ್ಷ 20 ಸಾವಿರ. ರಿಯಾಯಿತಿ ಕಳೆದ ಮೇಲೆ ಉಳಿಯುವ ಭಾಗವೂ ಲಕ್ಷಗಳಲ್ಲೇ ಇರುತ್ತದೆ. ದೆಹಲಿಯಲ್ಲಿ ಹಿಂದಿನ ಮಾಲೀಕ ಕಟ್ಟಿದ ತೆರಿಗೆ ಅಲ್ಲಿಗೆ ಜಮೆಯಾಗದು. ತೆರಿಗೆ ಕಟ್ಟದೆ ಓಡಾಡುವ ಹೊರರಾಜ್ಯದ ಕಾರುಗಳನ್ನು ಬೆಂಗಳೂರಿನಲ್ಲಿ ಹಿಡಿದು ವಸೂಲು ಮಾಡುತ್ತಾರೆ. ಬಾಡಿಗೆಗೆ ಬಿಡುವ ಯೋಚನೆಯುಳ್ಳ ತರುಣರು ಬಿಳಿ ಫಲಕದ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧವೆಂಬುದನ್ನೂ, ಅಪಘಾತವಾದರೆ ವಿಮಾ ಕಂಪನಿ ಕೈಯೆತ್ತಬಹುದೆಂಬುದನ್ನೂ ಅರಿತಿರಬೇಕು.

ಹೆಸರು ಯಾರದು?

ನಮ್ಮವರು ಎಡವುವ ಜಾಗ ಇದೇ. ಊರಿನ ನಂಟನಿಗಾಗಿ ಕಾರು ನೋಡುವ ಗುಮಾಸ್ತನಿಗೆ ದಲಾಲನು, "ಸದ್ಯಕ್ಕೆ ನಿಮ್ಮ ಹೆಸರಿಗೇ ಮಾಡಿಸೋಣ, ಆಮೇಲೆ ಅಲ್ಲಿ ಬದಲಾಯಿಸಿಕೊಳ್ಳಲಿ" ಎನ್ನುತ್ತಾನೆ. ನಂಟಸ್ತಿಕೆಯ ದಾಕ್ಷಿಣ್ಯಕ್ಕೆ ಇವರು ಸಹಿ ಹಾಕುತ್ತಾರೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯಲ್ಲಿ ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರಕ್ಕೆ ಆ ಹೆಸರಿನವನೇ ಹೊಣೆಯೆಂದು ನ್ಯಾಯಾಲಯ ತೀರ್ಮಾನಿಸಿತು. ಶಿವಮೊಗ್ಗದಲ್ಲೋ ಹಾವೇರಿಯಲ್ಲೋ ಆ ಕಾರು ಯಾರಿಗಾದರೂ ಬಡಿದರೆ ಕೋರ್ಟಿನ ನೋಟೀಸು ಕೋಟ್ಲಾ ಮುಬಾರಕ್‌ಪುರದ ನಿಮ್ಮ ಬಾಡಿಗೆ ಕೋಣೆಗೆ ಬರುತ್ತದೆ. ಆದ್ದರಿಂದ ನಮೂನೆ 29 ಮತ್ತು 30 ನಿಜವಾಗಿ ಕೊಳ್ಳುವವನ ಹೆಸರಿನಲ್ಲೇ ತುಂಬಲಿ. ಖಾಲಿ ನಮೂನೆಗೆ ಸಹಿ ಹಾಕಬೇಡಿರಿ. ಯಜಮಾನರಿಂದ ಕಾರು ಪಡೆಯುವ ಡ್ರೈವರುಗಳೂ ಅದೇ ವಾರ ಹೆಸರು ಬದಲಾಯಿಸಿಕೊಳ್ಳಲಿ. 2023ರ ಏಪ್ರಿಲ್‌ನಿಂದ ಹಳೆಯ ಕಾರಿನ ವ್ಯಾಪಾರಿಗಳಿಗೆ ಸರ್ಕಾರದ ಅಧಿಕಾರಪತ್ರವಿರಬೇಕೆಂಬ ನಿಯಮವಿದೆ. ಅದನ್ನು ತೋರಿಸೆಂದು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಇಷ್ಟೆಲ್ಲ ಹೇಳಿದ್ದು ಯಾರ ಆಸೆಗೂ ತಣ್ಣೀರೆರಚಲಿಕ್ಕಲ್ಲ. ಚೆನ್ನಾಗಿ ನೋಡಿಕೊಂಡ ಕಾರು, ಸ್ವಚ್ಛ ಕಾಗದ, ಕೈಯಲ್ಲಿ ದುರಸ್ತಿಗೆಂದು ಪ್ರತ್ಯೇಕ ಹಣ, ಈ ಮೂರೂ ಇದ್ದವರು ಕೊಂಡು ಸುಖಪಡಬಹುದು. ಕಾರಿನ ಬೆಲೆಯ ಮೂರನೆಯ ಒಂದು ಪಾಲನ್ನಾದರೂ ಮೊದಲ ವರ್ಷದ ದುರಸ್ತಿಗೆ ಎತ್ತಿಡಬೇಕೆಂಬುದು ನಮ್ಮ ಸಲಹೆ. ಬೆಲೆ, ತೆರಿಗೆ, ಟೈರು, ವಿಮೆ, ದುರಸ್ತಿ ಎಂದು ಐದು ಸಾಲು ಬರೆದು ಕೂಡಿಸಿರಿ. ಮೊತ್ತವನ್ನು ಊರಿನ ಭಾವಮೈದನಿಗೆ ಓದಿ ಹೇಳಿರಿ. ಪ್ರಾವಿಡೆಂಟ್ ಫಂಡಿನಿಂದಲೋ ಹೆಂಡತಿಯ ಬಳೆಯಿಂದಲೋ ತೆಗೆದು ತುಂಬಿಸಬೇಕಾದ ಮೊತ್ತವಾದರೆ, ಅದೇ ಹಣಕ್ಕೆ ಬರುವ ಸಣ್ಣ ಕಾರೇ ಲೇಸು. ಅದರ ಬಿಡಿಭಾಗ ಹಾವೇರಿಯಲ್ಲೂ ಸಿಗುತ್ತದೆ, ಅದನ್ನು ಬಿಚ್ಚಿ ಕಟ್ಟಬಲ್ಲ ಮಿಸ್ತ್ರಿಯೂ ಅಲ್ಲೇ ಇದ್ದಾನೆ.